ಅಂಗಳಕ್ಕೆ ಕೇಪಳವೋ ದಾಸವಾಳವೋ: ಕರಾವಳಿಯ ಮನೆಗಳಿಗೊಂದು ಹೋಲಿಕೆ

ಮೇ ಕೊನೆಗೆ ಬರುವ ಪತ್ತನಾಜೆ ಕಳೆದು ಮೊದಲ ಮಳೆ ಬೀಳುವ ಹೊತ್ತಿಗೆ ಮಂಗಳೂರು, ಉಡುಪಿಯ ನರ್ಸರಿಗಳಲ್ಲಿ ಹೂಗಿಡ ಕೇಳಿಕೊಂಡು ಬರುವವರು ಹೆಚ್ಚುತ್ತಾರೆ. ಬಹುತೇಕರ ಬೇಡಿಕೆ ಒಂದೇ ತೆರನಾದುದು: ವರ್ಷದ ಹೆಚ್ಚು ಕಾಲ ಗಿಡದಲ್ಲಿ ಹೂವಿರಬೇಕು, ಆ ಹೂವು ದೇವರ ಪೂಜೆಗೆ ಸಲ್ಲಬೇಕು, ನಾಲ್ಕು ತಿಂಗಳ ಜಡಿಮಳೆಯನ್ನೂ ಎಪ್ರಿಲ್, ಮೇ ತಿಂಗಳ ಬಿಸಿಲನ್ನೂ ಗಿಡ ತಾಳಿಕೊಳ್ಳಬೇಕು, ದಿನವೂ ಆರೈಕೆ ಬೇಡಬಾರದು. ಇಷ್ಟಕ್ಕೂ ಒಪ್ಪುವ ಪೊದೆಗಿಡಗಳು ನಮ್ಮಲ್ಲಿ ಮುಖ್ಯವಾಗಿ ಎರಡು, ಕೇಪಳ ಮತ್ತು ದಾಸವಾಳ. ಇವೆರಡರಲ್ಲಿ ಯಾವುದನ್ನು ನೆಡಬೇಕು, ಅದರಲ್ಲಿಯೂ ಯಾವ ಬಗೆಯನ್ನು ಆರಿಸಬೇಕು ಎಂಬುದನ್ನು ಹೂವಿನ ಚೆಲುವನ್ನಷ್ಟೇ ನೋಡಿ ತೀರ್ಮಾನಿಸಿದರೆ ಒಂದೆರಡು ಮಳೆಗಾಲದೊಳಗೆ ಗಿಡ ಕೈಬಿಟ್ಟುಹೋಗುವ ಸಂಭವವೇ ಹೆಚ್ಚು. ಮೊದಲು ಮಣ್ಣನ್ನು, ಆಮೇಲೆ ನೀರು ನಿಲ್ಲುವ ಜಾಗವನ್ನು, ಕೊನೆಗೆ ಕೊಯ್ದ ಹೂವಿನಿಂದ ತಮಗೇನು ಆಗಬೇಕಾಗಿದೆ ಎಂಬುದನ್ನು ನೋಡಿ ಆರಿಸುವುದು ಒಳ್ಳೆಯದು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮುರಕಲ್ಲಿನ (ಜಂಬಿಟ್ಟಿಗೆ) ನೆಲವಿದ್ದು, ಅಂಗಳದ ಒಂದು ಬದಿಯಲ್ಲಾದರೂ ಸಿಮೆಂಟು ತಾಗದ ಮಣ್ಣು ಉಳಿದಿದ್ದರೆ ಗುಡ್ಡೆಯ ಕೆಂಪು ಕೇಪಳಕ್ಕೇ ಮೊದಲ ಸ್ಥಾನ ಕೊಡಬೇಕು. ಕಡಲ ಬದಿಯ ಹೊಯಿಗೆ (ಮರಳು) ನೆಲದಲ್ಲಿ ಅಥವಾ ನಾಲ್ಕೂ ಕಡೆ ಕಾಂಕ್ರೀಟು ಹಾಸಿದ ಹೊಸ ಮನೆಯ ಅಂಗಳದಲ್ಲಿ ಊರ ಕೆಂಪು ದಾಸವಾಳವೇ ಸರಿ. ಬಣ್ಣಬಣ್ಣದ ಕಸಿ ದಾಸವಾಳವನ್ನು ಮಳೆ ತಾಗದ ಕಡೆಗೆ ಸರಿಸಿಡಬಹುದಾದ ಕುಂಡದಲ್ಲಿ ಮಾತ್ರ ಬೆಳೆಸಬೇಕು, ನೆಲದಲ್ಲಿ ಅಲ್ಲ. ಈ ಮೂರು ಮಾತಿಗೆ ಕಾರಣಗಳನ್ನು ಮುಂದೆ ವಿವರಿಸಿದ್ದೇನೆ.

ಬಗೆಗಳ ಪರಿಚಯ

ಕೇಪಳ ನಮ್ಮದೇ ನೆಲದ ಗಿಡ. ದಕ್ಷಿಣ ಭಾರತ ಮತ್ತು ಶ್ರೀಲಂಕಾ ಇದರ ಸಹಜ ನೆಲೆ. ಸಸ್ಯಶಾಸ್ತ್ರದಲ್ಲಿ ಇದನ್ನು ಇಕ್ಸೋರಾ ಕಾಕ್ಸಿನಿಯಾ ಎಂದು ಕರೆಯುತ್ತಾರೆ. ಕಾಫಿ ಗಿಡದ ಕುಟುಂಬಕ್ಕೆ ಸೇರಿದ್ದು. ತುಳುವಿನಲ್ಲಿ ಕೇಪುಳ ಎಂದೂ ಉತ್ತರದ ಕಡೆ ಕಿಸ್ಕಾರ ಎಂದೂ ಹೆಸರಿರುವ ಈ ಗಿಡ ನಮ್ಮ ಪದವುಗಳಲ್ಲಿ (ಮುರಕಲ್ಲಿನ ಬಯಲು ಗುಡ್ಡೆಗಳಲ್ಲಿ), ಗೇರು ಗುಡ್ಡೆಗಳ ಅಂಚಿನಲ್ಲಿ, ನಾಗಬನಗಳ ಸುತ್ತ ಯಾರೂ ನೆಡದೆ ಬೆಳೆದಿರುತ್ತದೆ. ನರ್ಸರಿಯಲ್ಲಿ ಕೇಪಳ ಎಂದು ಕೇಳಿದರೆ ಮೂರು ಬಗೆಯ ಗಿಡ ಸಿಗಬಹುದು. ಒಂದು ಈ ಗುಡ್ಡೆ ಕೇಪಳವೇ. ಆಳೆತ್ತರಕ್ಕೆ ಬೆಳೆದು, ಕೆಂಪು ಅಥವಾ ಕಿತ್ತಳೆ ಕೆಂಪು ಬಣ್ಣದ ಗೊಂಚಲು ಬಿಡುತ್ತದೆ. ಎರಡನೆಯದು ಮುಷ್ಟಿಗಿಂತ ದೊಡ್ಡ ಗೊಂಚಲು ಬಿಡುವ, ಅಗಲ ಎಲೆಯ ಉದ್ಯಾನದ ತಳಿ. ಮೂರನೆಯದು ಮಿನಿ ಇಕ್ಸೋರಾ ಅಥವಾ ಚೈನಾ ಕೇಪಳ ಎಂದು ಮಾರುವ ಗಿಡ್ಡ ಜಾತಿ. ಎರಡು ಮೂರು ಅಡಿಗಿಂತ ಹೆಚ್ಚು ಏರದು, ಎಲೆ ಸಣ್ಣದು, ಹಳದಿ, ಗುಲಾಬಿ, ಕಿತ್ತಳೆ ಬಣ್ಣಗಳಲ್ಲಿ ಸಿಗುತ್ತದೆ.

ದಾಸವಾಳದ ಕತೆ ಬೇರೆ. ಹಿಬಿಸ್ಕಸ್ ರೋಸಾ ಸೈನೆನ್ಸಿಸ್ ಎಂದು 1753ರಲ್ಲಿ ಲಿನೇಯಸ್ ಹೆಸರಿಟ್ಟ ಈ ಗಿಡವು ಕಾಡಿನಲ್ಲಿ ತಾನಾಗಿ ಬೆಳೆದಿರುವ ತಾಣ ಇದುವರೆಗೆ ಖಚಿತವಾಗಿ ಸಿಕ್ಕಿಲ್ಲ; ಚೀನಾ, ಭಾರತ ಮತ್ತು ಪೆಸಿಫಿಕ್ ದ್ವೀಪಗಳಲ್ಲಿ ಬಹುಕಾಲದಿಂದ ಜನರೇ ಗೆಲ್ಲು ನೆಟ್ಟು ಬೆಳೆಸುತ್ತ ಬಂದಿದ್ದಾರೆ. ಮಲೇಶ್ಯ ದೇಶ 1960ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಹೂವಾಗಿ ಆರಿಸಿಕೊಂಡಿತು. ನಮ್ಮ ಹಿತ್ತಿಲುಗಳಲ್ಲಿ ಕಾಣುವುದು ಐದೆಸಳಿನ ಕೆಂಪು ದಾಸವಾಳ, ಎಸಳು ಕಿಕ್ಕಿರಿದ ಮುದ್ದೆ ದಾಸವಾಳ, ಬಿಳಿ ಮತ್ತು ತಿಳಿ ಗುಲಾಬಿ ದಾಸವಾಳ. ಎಸಳುಗಳು ಸೀಳಿ ಹಿಂದಕ್ಕೆ ಬಾಗಿ, ಕಿವಿಯ ಜುಮುಕಿಯ ಹಾಗೆ ತೂಗಾಡುವ ದಾಸವಾಳ ಪೂರ್ವ ಆಫ್ರಿಕದಿಂದ ಬಂದ ಬೇರೆಯೇ ಜಾತಿ. ಆದರೆ ನಮ್ಮ ಹವೆಗೆ ಚೆನ್ನಾಗಿ ಹೊಂದಿಕೊಂಡಿದೆ. ಇವೆಲ್ಲವನ್ನೂ ಊರ ದಾಸವಾಳ ಎಂಬ ಒಂದೇ ಗುಂಪಿಗೆ ಸೇರಿಸಿ ಮಾತಾಡುತ್ತೇನೆ, ಏಕೆಂದರೆ ಬೆಳೆಸುವ ರೀತಿಯಲ್ಲಿ ಅವುಗಳೊಳಗೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಊಟದ ತಟ್ಟೆಯಷ್ಟು ಅಗಲಕ್ಕೆ ಅರಳುವ, ಒಂದೇ ಹೂವಿನಲ್ಲಿ ಮೂರು ಬಣ್ಣ ತೋರುವ ಹೈಬ್ರಿಡ್ ತಳಿಗಳು ಮಾತ್ರ ಬೇರೆ. ಇವುಗಳಲ್ಲಿ ಹೆಚ್ಚಿನವನ್ನು ಗಟ್ಟಿ ಬೇರಿನ ಬೇರೊಂದು ದಾಸವಾಳದ ಮೇಲೆ ಕಸಿ ಕಟ್ಟಿ ಮಾರುತ್ತಾರೆ. ಪುಣೆ ದಾಸವಾಳ ಎಂಬ ಹೆಸರಿನಲ್ಲಿ ನಮ್ಮ ಕಡೆಗೂ ಬಹಳ ಬರುತ್ತಿವೆ.

ಮಣ್ಣು ಮತ್ತು ಸಿಮೆಂಟು

ಆಯ್ಕೆಯನ್ನು ನಿರ್ಧರಿಸುವ ಮುಖ್ಯ ಸಂಗತಿ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸಿನ ಮಳೆ ಬೀಳುವ ನಮ್ಮ ನೆಲದಲ್ಲಿ ಸುಣ್ಣದ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಮುರಕಲ್ಲಾಗಿದೆ. ಹಾಗಾಗಿ ಈ ಮಣ್ಣು ಹುಳಿ ಮಣ್ಣು. ಕೇಪಳ ಇಂಥ ಮಣ್ಣಿನಲ್ಲಿಯೇ ಹುಟ್ಟಿ ಬೆಳೆದ ಗಿಡವಾದ್ದರಿಂದ ಅದರ ಬೇರು ಕಬ್ಬಿಣವನ್ನು ಹೀರಿಕೊಳ್ಳಬೇಕಾದರೆ ಮಣ್ಣು ಹುಳಿಯಾಗಿಯೇ ಇರಬೇಕು. ಸಿಮೆಂಟಿನಲ್ಲಿರುವ ಸುಣ್ಣ ಮಳೆನೀರಿನೊಂದಿಗೆ ಇಳಿದು ಮಣ್ಣಿಗೆ ಸೇರಿದಾಗ ಹುಳಿ ಕಳೆದು ಮಣ್ಣು ಕ್ಷಾರವಾಗುತ್ತದೆ. ಆಗ ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಕೇಪಳಕ್ಕೆ ಸಿಗುವುದಿಲ್ಲ.

ಇದನ್ನು ಗುರುತಿಸುವುದು ಕಷ್ಟವಲ್ಲ. ಕೇಪಳದ ಚಿಗುರೆಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ನರಗಳು ಹಸಿರಾಗಿ ಬಲೆಯಂತೆ ಉಳಿದು, ನರಗಳ ನಡುವಿನ ಭಾಗವೆಲ್ಲ ಹಳದಿಯಾಗಿರುತ್ತದೆ. ಅದೇ ಗೆಲ್ಲಿನ ಕೆಳಗಿನ ಹಳೆಯ ಎಲೆಗಳು ಮಾತ್ರ ಹಸಿರಾಗಿಯೇ ಇರುತ್ತವೆ. ಹೊಸ ಕಂಪೌಂಡ್ ಗೋಡೆಯ ಬುಡದಲ್ಲಿ ಸಾಲಾಗಿ ನೆಟ್ಟ ಗಿಡ್ಡ ಕೇಪಳಗಳಲ್ಲಿ ಈ ಲಕ್ಷಣ ಎಷ್ಟೋ ಮನೆಗಳೆದುರು ಕಾಣುತ್ತದೆ. ಮನೆಯವರು ಗೊಬ್ಬರ ಸಾಲದೆಂದು ತಿಳಿದು ಇನ್ನಷ್ಟು ಗೊಬ್ಬರ ಹಾಕುತ್ತಾರೆ, ಕೆಲವರು ಬಚ್ಚಲೊಲೆಯ ಬೂದಿಯನ್ನೂ ಬುಡಕ್ಕೆ ಸುರಿಯುತ್ತಾರೆ. ಬೂದಿಯೂ ಕ್ಷಾರವೇ ಆದ್ದರಿಂದ ಗಿಡದ ಸ್ಥಿತಿ ಇನ್ನಷ್ಟು ಕೆಡುತ್ತದೆ. ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರ್ ನೀರಿಗೆ 5 ಗ್ರಾಂ ಲೆಕ್ಕದಲ್ಲಿ ಕರಗಿಸಿ, ತುಸು ನಿಂಬೆರಸ ಹಿಂಡಿ, ಸಂಜೆಯ ಹೊತ್ತು ಎಲೆಗೆ ಸಿಂಪಡಿಸಿದರೆ ಚಿಗುರು ಮತ್ತೆ ಹಸಿರಾಗುತ್ತದೆ. ಆದರೆ ಅದು ತಾತ್ಕಾಲಿಕ. ಗೋಡೆಯಿಂದ ಮೂರು ಅಡಿಯಾದರೂ ಈಚೆಗೆ ನೆಟ್ಟು, ಬುಡಕ್ಕೆ ತರಗೆಲೆ ಮತ್ತು ಹಟ್ಟಿಗೊಬ್ಬರ ಮುಚ್ಚುವುದೇ ಶಾಶ್ವತ ಪರಿಹಾರ.

ದಾಸವಾಳಕ್ಕೂ ತುಸು ಹುಳಿ ಮಣ್ಣೇ ಹಿತ. ಆದರೂ ಅದು ಹೊಂದಿಕೊಳ್ಳುವ ಸ್ವಭಾವದ ಗಿಡ. ಕೇಪಳಕ್ಕೆ ಆಗದ ಬೂದಿ ದಾಸವಾಳಕ್ಕೆ ಹಿತಮಿತವಾಗಿ ಹಾಕಿದರೆ ಪೊಟ್ಯಾಶ್ ಒದಗಿಸಿ ಹೂವು ಹೆಚ್ಚಿಸುತ್ತದೆ. ಇಂಟರ್‌ಲಾಕ್ ಹಾಸಿದ ಅಂಗಳದಲ್ಲಿ ಎರಡು ಅಡಿ ಚೌಕದಷ್ಟು ಮಣ್ಣು ಬಿಟ್ಟಿದ್ದರೂ ಅದು ಬೇರೂರುತ್ತದೆ. ಮಲ್ಪೆ, ಕಾಪು, ಸುರತ್ಕಲ್, ಉಳ್ಳಾಲದಂತಹ ಕಡಲಬದಿಯ ಊರುಗಳಲ್ಲಿ ಚಿಪ್ಪಿನ ಚೂರು ಬೆರೆತ ಹೊಯಿಗೆ, ಉಪ್ಪಿನ ಗಾಳಿ, ಬೇಸಗೆಯಲ್ಲಿ ಉಪ್ಪಾಗುವ ಬಾವಿ ನೀರು, ಈ ಮೂರೂ ಸೇರುವುದರಿಂದ ಕೇಪಳ ಅಲ್ಲಿ ಏಳಿಗೆಯಾಗುವುದಿಲ್ಲ. ಅಂಥಲ್ಲಿ ಒಂದು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಹಟ್ಟಿಗೊಬ್ಬರ ಬೆರೆಸಿ ಊರ ದಾಸವಾಳ ನೆಟ್ಟು, ಕಡಲಿನ ಕಡೆಗೆ ಗೋಡೆಯೋ ಬಾಳೆಯ ಸಾಲೋ ಅಡ್ಡವಿರುವಂತೆ ನೋಡಿಕೊಂಡರೆ ಸಾಕು.

ಮಳೆಗಾಲದಲ್ಲಿ ಎರಡರ ನಡತೆ

ನೀರು ನಿಲ್ಲುವ ಜಾಗದಲ್ಲಿ ಎರಡೂ ಬದುಕುವುದಿಲ್ಲ. ಆದರೆ ಮೊದಲು ಸೋಲುವುದು ದಾಸವಾಳ. ಜುಲೈ ತಿಂಗಳ ಎಡೆಬಿಡದ ಮಳೆಯಲ್ಲಿ ಬುಡದ ಮಣ್ಣಿನಲ್ಲಿ ಗಾಳಿಯಾಡದೆ ಬೇರು ಕೊಳೆತರೆ, ನಿನ್ನೆಯವರೆಗೆ ಹಸಿರಾಗಿದ್ದ ಗಿಡದ ಎಲೆಗಳು ಜೋಲುಬಿದ್ದು ಉದುರುತ್ತವೆ. ಮಾಡಿನ ನೀರು ಧಾರೆಯಾಗಿ ಬೀಳುವ ಸಾಲಿನಲ್ಲಿ ದಾಸವಾಳ ನೆಡಬಾರದು ಎಂದು ಹಿರಿಯರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಗುಡ್ಡೆ ಕೇಪಳ ಇಳಿಜಾರಿನಲ್ಲಿ, ಕಲ್ಲಿನ ಸಂದಿಯಲ್ಲಿ ಬೆಳೆದು ಅಭ್ಯಾಸವಿರುವ ಗಿಡ. ಮಳೆ ಎಷ್ಟು ಸುರಿದರೂ ನೀರು ಬಸಿದುಹೋದರೆ ಅದಕ್ಕೆ ತೊಂದರೆಯಿಲ್ಲ.

ಹೂವಿನ ಲೆಕ್ಕದಲ್ಲಿ ಮಾತ್ರ ಮಳೆಗಾಲದಲ್ಲಿ ದಾಸವಾಳವೇ ಮೇಲು. ಕೇಪಳದ ಭರಾಟೆಯೆಲ್ಲ ಚಳಿ ಕಳೆದು ಬೇಸಗೆಯವರೆಗೆ. ಜುಲೈ, ಆಗಸ್ಟ್ ಹೊತ್ತಿನ ಆಟಿ ತಿಂಗಳ ಮೋಡದಲ್ಲಿ ಗೊಂಚಲುಗಳು ವಿರಳವಾಗುತ್ತವೆ. ದಾಸವಾಳದಲ್ಲಿ ಆಗಲೂ ದಿನಕ್ಕೆ ಒಂದೆರಡು ಹೂವು ಸಿಗುತ್ತಲೇ ಇರುತ್ತದೆ, ಆದರೆ ಅರಳಿದ ಹೂವು ಮಳೆಗೆ ತೊಯ್ದು ಲೋಳೆಯಾಗುತ್ತದೆ. ಇದಕ್ಕೆ ಸುಲಭದ ಉಪಾಯವಿದೆ. ಮರುದಿನ ಅರಳಲಿರುವ ಮೊಗ್ಗು ಹಿಂದಿನ ಸಂಜೆಯೇ ಬೆರಳುದ್ದ ಉಬ್ಬಿ, ತುದಿಯಲ್ಲಿ ಬಣ್ಣ ತೋರಿಸುತ್ತದೆ. ಅದನ್ನು ಕೊಯ್ದು ಒಳಗೆ ತಟ್ಟೆಯಲ್ಲಿಟ್ಟರೆ ಬೆಳಗ್ಗೆ ತೊಯ್ಯದ, ಶುಭ್ರವಾದ ಹೂವು ಅರಳಿರುತ್ತದೆ. ಆಟಿಯ ನಂತರದ ಸೋಣ ತಿಂಗಳಿಡೀ ಹೊಸ್ತಿಲು ಪೂಜೆ ಮಾಡುವ ಮನೆಗಳಿಗೆ ದಿನವೂ ಹೂವು ಬೇಕಾಗುವುದರಿಂದ, ಕೇಪಳವನ್ನೇ ಮುಖ್ಯವಾಗಿ ನೆಟ್ಟವರೂ ಒಂದು ದಾಸವಾಳ ಇಟ್ಟುಕೊಳ್ಳುವುದು ಒಳಿತು.

ಕತ್ತರಿಯ ಕೆಲಸ

ಬೇಲಿಗಾಗಿ ಗಿಡ ಆರಿಸುವವರು ಈ ಭಾಗವನ್ನು ಗಮನವಿಟ್ಟು ಓದಬೇಕು. ಕೇಪಳದ ಹೂವು ಗೆಲ್ಲಿನ ತುದಿಯಲ್ಲಿ ಬರುತ್ತದೆ. ತಿಂಗಳಿಗೊಮ್ಮೆ ಕತ್ತರಿ ಹಿಡಿದು ತಲೆ ಸಮ ಮಾಡುತ್ತ ಹೋದರೆ ಪ್ರತಿ ಸಲವೂ ಕಟ್ಟುತ್ತಿರುವ ಮೊಗ್ಗನ್ನೇ ಕತ್ತರಿಸಿದಂತಾಗಿ, ಬೇಲಿ ಅಚ್ಚುಕಟ್ಟಾಗಿ ಕಂಡರೂ ಹೂವೇ ಇಲ್ಲದಾಗುತ್ತದೆ. ನಗರದ ಅಪಾರ್ಟ್‌ಮೆಂಟುಗಳ ಎದುರು ಪೆಟ್ಟಿಗೆಯಂತೆ ಕತ್ತರಿಸಿದ ಗಿಡ್ಡ ಕೇಪಳದ ಸಾಲಿನಲ್ಲಿ ಹೂವು ಕಾಣದಿರುವುದಕ್ಕೆ ಇದೇ ಕಾರಣ. ಕೇಪಳವನ್ನು ವರ್ಷಕ್ಕೊಮ್ಮೆ, ಬೇಸಗೆಯ ಹೂವು ಮುಗಿದು ಮಳೆ ಹಿಡಿಯುವಾಗ ಕತ್ತರಿಸಿದರೆ ಸಾಕು. ಉಳಿದ ಸಮಯದಲ್ಲಿ ಒಣಗಿದ ಗೊಂಚಲನ್ನು ಮಾತ್ರ ಮುರಿದುಹಾಕಬೇಕು. ಹಣ್ಣು ಬೇಕೆನ್ನುವವರು ಅದನ್ನೂ ಮುರಿಯಬಾರದು.

ದಾಸವಾಳದ ಮೊಗ್ಗು ಹೊಸ ಗೆಲ್ಲಿನ ಎಲೆಕಂಕುಳಲ್ಲಿ ಒಂದೊಂದಾಗಿ ಮೂಡುತ್ತದೆ. ಹಾಗಾಗಿ ಕತ್ತರಿಸಿದಷ್ಟೂ ಹೊಸ ಗೆಲ್ಲು, ಹೊಸ ಗೆಲ್ಲಾದಷ್ಟೂ ಹೂವು. ಕತ್ತರಿಸದೆ ಬಿಟ್ಟರೆ ಹತ್ತು ಹನ್ನೆರಡು ಅಡಿ ಏರಿ, ಕೆಳಗೆಲ್ಲ ಬೋಳಾಗಿ, ಹೂವು ದೋಟಿಗೂ ಎಟುಕದಂತಾಗುತ್ತದೆ. ಅಂಗಳ ಕಿರಿದಾಗಿದ್ದು, ಕತ್ತರಿಸುವುದಕ್ಕೆ ಸಮಯವೂ ಇಲ್ಲದವರಿಗೆ ಕೇಪಳವೇ ವಾಸಿ.

ಕೀಟಬಾಧೆಯ ವಿಷಯದಲ್ಲಿ ಹೋಲಿಕೆ ಬೇಗ ಮುಗಿಯುತ್ತದೆ. ಗುಡ್ಡೆ ಕೇಪಳಕ್ಕೆ ರೋಗವೂ ಕೀಟವೂ ಕಡಿಮೆ. ದಾಸವಾಳಕ್ಕೆ ಬೇಸಗೆಯಲ್ಲಿ ಹಿಟ್ಟು ತಿಗಣೆ ತಪ್ಪದು. ಗೆಲ್ಲಿನ ತುದಿ ಮುರುಟಿ, ಬಿಳಿ ಹತ್ತಿಯಂಥದು ಅಂಟಿಕೊಂಡಿರುತ್ತದೆ. ಮುರುಟಿದ ತುದಿಯನ್ನು ಕತ್ತರಿಸಿ ಸುಟ್ಟು, ಉಳಿದ ಭಾಗಕ್ಕೆ ಜೋರಾಗಿ ನೀರು ಹಾಯಿಸಿ, ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನೆಣ್ಣೆಯನ್ನು ಸ್ವಲ್ಪ ಸಾಬೂನಿನೊಂದಿಗೆ ಕದಡಿ ವಾರಕ್ಕೊಮ್ಮೆ ಸಿಂಪಡಿಸಬೇಕು. ತಿಗಣೆಯ ಸಿಹಿ ದ್ರವಕ್ಕಾಗಿ ಇರುವೆಗಳು ಅದನ್ನು ಕಾಯುತ್ತವೆಯಾದ್ದರಿಂದ ಇರುವೆ ಹತ್ತದಂತೆ ನೋಡಿಕೊಳ್ಳುವುದೂ ಅಗತ್ಯ. ಮಳೆಗಾಲದಲ್ಲಿ ಆಫ್ರಿಕನ್ ಬಸವನಹುಳು ಎಳೆಯ ದಾಸವಾಳವನ್ನು ರಾತ್ರಿಯಲ್ಲಿ ಮೇಯುತ್ತದೆ. ಟಾರ್ಚ್ ಹಿಡಿದು ಹೆಕ್ಕಿ ಉಪ್ಪುನೀರಿಗೆ ಹಾಕುವುದೇ ನಂಬಬಹುದಾದ ಮಾರ್ಗ. ದನ, ಆಡು ಸಹ ದಾಸವಾಳದ ಸೊಪ್ಪನ್ನು ಬಿಡುವುದಿಲ್ಲ.

ಹೂವಿನಿಂದ ಏನಾಗಬೇಕು

ಪೂಜೆಗೆ ಎರಡೂ ಸಲ್ಲುತ್ತವೆ. ದೇವಿಗೆ ಮತ್ತು ಗಣಪತಿಗೆ ಕೆಂಪು ಹೂವು ಪ್ರಿಯವೆಂಬ ನಂಬಿಕೆಯಲ್ಲಿ ದಾಸವಾಳವನ್ನೂ ಕೇಪಳವನ್ನೂ ಏರಿಸುತ್ತಾರೆ. ಭೂತಾರಾಧನೆಯಲ್ಲಿ ಹಿಂಗಾರದ (ಅಡಿಕೆಯ ಹೂಗೊಂಚಲಿನ) ಜೊತೆ ಕೇಪುಳ ಹೂವಿಗೆ ಸಲ್ಲುವ ಗೌರವ ದಾಸವಾಳಕ್ಕಿಲ್ಲ. ಮಾಲೆ ಕಟ್ಟುವವರಿಗೆ ಕೇಪಳವೇ ಅನುಕೂಲ, ಏಕೆಂದರೆ ಹೂವು ಚಿಕ್ಕದು, ತೊಟ್ಟು ಉದ್ದ, ಬೇಗ ಬಾಡುವುದಿಲ್ಲ. ಗಿಡದಲ್ಲಿಯೇ ಬಿಟ್ಟರೆ ಮೊಗ್ಗುಗಳು ಸರದಿಯಲ್ಲಿ ಅರಳುವುದರಿಂದ ಒಂದು ಗೊಂಚಲು ವಾರಗಟ್ಟಲೆ ನಿಲ್ಲುತ್ತದೆ. ಊರ ದಾಸವಾಳದ ಹೂವು ಒಂದೇ ದಿನದ್ದು.

ಅಡುಗೆಮನೆಯಲ್ಲಿ ಕೇಪಳದ ಹೂವಿನ ತಂಬುಳಿ ನಮ್ಮ ಕಡೆಯ ಬಿಸಿಲಿನ ದಿನಗಳ ಊಟಕ್ಕೆ ಹೇಳಿದ್ದು. ಒಂದು ಹಿಡಿ ಹೂವನ್ನು ಚಮಚ ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಸೇರಿಸಿ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ಸಾಕು. ಮಾಗಿದ ಕೇಪಳದ ಹಣ್ಣು ಬಟಾಣಿ ಗಾತ್ರದ್ದು, ಕೆಂಪಿನಿಂದ ಕಪ್ಪಿಗೆ ತಿರುಗುತ್ತದೆ, ತೆಳುವಾದ ಸಿಹಿ. ಮಕ್ಕಳು ಗುಡ್ಡೆಯಲ್ಲಿ ಹೆಕ್ಕಿ ತಿನ್ನುತ್ತಿದ್ದ ಹಣ್ಣುಗಳಲ್ಲಿ ಇದೂ ಒಂದು. ಗಿಡ್ಡ ಕೇಪಳದಲ್ಲಿ ಹಣ್ಣು ಕಟ್ಟುವುದು ಅಪರೂಪ. ದಾಸವಾಳದ ಎಳೆ ಸೊಪ್ಪನ್ನು ಅಕ್ಕಿಯೊಡನೆ ರುಬ್ಬಿ ದೋಸೆ ಮಾಡುತ್ತಾರೆ. ಸೊಪ್ಪಿನ ಲೋಳೆಯಿಂದ ದೋಸೆ ಮೆತ್ತಗಾಗುತ್ತದೆ. ಕೆಂಪು ದಾಸವಾಳದ ಎಸಳನ್ನು ಬಿಸಿನೀರಿಗೆ ಹಾಕಿದರೆ ನೀರು ಮಂಕಾದ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಅದಕ್ಕೆ ನಿಂಬೆರಸ ಹಿಂಡಿದ ಕ್ಷಣವೇ ಕಡುಕೆಂಪಾಗುತ್ತದೆ; ಬೆಲ್ಲ ಬೆರೆಸಿ ಕುಡಿಯಲು ಚೆನ್ನಾಗಿರುತ್ತದೆ. ಅಂಗಡಿಯಲ್ಲಿ ಹಿಬಿಸ್ಕಸ್ ಟೀ ಎಂದು ಸಿಗುವ ಹುಳಿ ಪಾನೀಯ ಮಾತ್ರ ಈ ದಾಸವಾಳದ್ದಲ್ಲ, ಕೆಂಪು ಪುಂಡಿಯ ಹೂತೊಟ್ಟಿಲಿನದು. ಅದಕ್ಕಾಗಿ ದಾಸವಾಳ ನೆಟ್ಟು ನಿರಾಶರಾಗಬಾರದು.

ಕೂದಲಿನ ವಿಷಯಕ್ಕೆ ಬಂದರೆ ದಾಸವಾಳಕ್ಕೆ ಸಾಟಿಯಿಲ್ಲ. ಹತ್ತಿಪ್ಪತ್ತು ಎಲೆಗಳನ್ನು ನೀರಿನಲ್ಲಿ ಹಾಕಿ ಕೈಯಿಂದ ಚೆನ್ನಾಗಿ ಹಿಚುಕಿದರೆ ಕೆಲವೇ ನಿಮಿಷಗಳಲ್ಲಿ ನೀರು ಹಸಿರು ಗೊಂಪಾಗಿ, ಬೆರಳುಗಳ ನಡುವಿನಿಂದ ನೂಲಿನಂತೆ ಇಳಿಯತೊಡಗುತ್ತದೆ. ಸೋಸಿ ತಲೆಗೆ ಹಚ್ಚಿ ತೊಳೆದರೆ ಎಣ್ಣೆಯ ಜಿಡ್ಡೂ ಹೋಗುತ್ತದೆ, ಕೂದಲು ಒರಟಾಗುವುದೂ ಇಲ್ಲ. ಸೋಸುವುದನ್ನು ಬಿಟ್ಟರೆ ಎಲೆಯ ಚೂರುಗಳು ಕೂದಲಿನಲ್ಲಿ ಸಿಕ್ಕಿಕೊಂಡು ಸಂಜೆಯವರೆಗೂ ಬಿಡವು. ಮನೆಯಲ್ಲಿ ಉದ್ದ ಕೂದಲಿನವರಿದ್ದರೆ ಈ ಒಂದು ಉಪಯೋಗಕ್ಕಾಗಿಯೇ ಊರ ದಾಸವಾಳ ನೆಡಬಹುದು.

ಮದ್ದಿನ ಮಾತು ಬಂದಾಗ ಎಚ್ಚರಿಕೆ ಬೇಕು. ಹೊಟ್ಟೆಯ ತೊಂದರೆಗಳಿಗೆ ಕೇಪಳದ ಹೂವನ್ನೂ ಬೇರನ್ನೂ ಬಳಸುವ ರೂಢಿ ಹಳ್ಳಿಗಳಲ್ಲಿದೆ. ಆಹಾರದ ಪ್ರಮಾಣದಲ್ಲಿ ಹೂವು ನಿರಪಾಯ, ಬೇರಿನ ಕಷಾಯವನ್ನು ಮಾತ್ರ ತಿಳಿದವರ ಸಲಹೆಯಿಲ್ಲದೆ ಕುಡಿಯಬಾರದು. ದಾಸವಾಳದ ಹೂವಿನ ಸಾರಕ್ಕೆ ಗರ್ಭ ನಿಲ್ಲದಂತೆ ಮಾಡುವ ಗುಣವಿರುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದ್ದರಿಂದ ಗರ್ಭಿಣಿಯರು ಮತ್ತು ಮಗುವನ್ನು ಬಯಸುತ್ತಿರುವವರು ಹೂವನ್ನು ಮದ್ದಾಗಿ ಸೇವಿಸಬಾರದು. ನರ್ಸರಿಯಿಂದ ತಂದ ಗಿಡಕ್ಕೆ ಕೀಟನಾಶಕ ಸಿಂಪಡಿಸಿರುವ ಸಾಧ್ಯತೆ ಇರುವುದರಿಂದ ಮೊದಲ ಕೆಲವು ತಿಂಗಳು ಅದರ ಹೂವು, ಎಲೆ ಯಾವುದನ್ನೂ ತಿನ್ನಬಾರದು.

ಚಿಟ್ಟೆಗಳು ಬರಬೇಕೆಂದು ಬಯಸುವವರಿಗೆ ಆಯ್ಕೆ ಸುಲಭ. ಕೇಪಳದ ಒಂದು ಹೂವನ್ನು ಕಿತ್ತು, ನಡುವಿನ ಎಳೆಯನ್ನು ಮೆಲ್ಲನೆ ಹಿಂದಿನಿಂದ ಎಳೆದರೆ ಅದರ ತುದಿಯಲ್ಲಿ ಜೇನಿನ ಹನಿಯೊಂದು ನಿಂತಿರುತ್ತದೆ. ಇಂಚಿಗಿಂತ ಉದ್ದದ ಸೂಜಿಯಂಥ ಕೊಳವೆಯ ತಳದಲ್ಲಿರುವ ಈ ಜೇನು ಉದ್ದ ನಾಲಗೆಯ ದೊಡ್ಡ ಚಿಟ್ಟೆಗಳಿಗೇ ಮೀಸಲು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಹಳದಿ ಕಪ್ಪು ಬಣ್ಣದ ಸದರ್ನ್ ಬರ್ಡ್‌ವಿಂಗ್, ಬ್ಲೂ ಮಾರ್ಮನ್, ಕ್ರಿಮ್ಸನ್ ರೋಸ್ ಇವೆಲ್ಲ ಕೇಪಳಕ್ಕೆ ಬರುತ್ತವೆ. ಮಂಕಿ ಪಝಲ್ ಎಂಬ ಪುಟ್ಟ ಚಿಟ್ಟೆಯ ಹುಳುಗಳಿಗೆ ಕೇಪಳದ ಎಲೆಯೇ ಆಹಾರ. ಒಂದೆರಡು ಎಲೆ ಕಡಿದಿರುವುದು ಕಂಡರೆ ಮದ್ದು ಹೊಡೆಯಲು ಅವಸರಪಡಬಾರದು. ಮೂಡುಬಿದಿರೆ ಹತ್ತಿರದ ಬೆಳುವಾಯಿಯ ಚಿಟ್ಟೆ ಪಾರ್ಕಿಗೆ ಹೋದವರಿಗೆ ಯಾವ ಹೂವಿಗೆ ಯಾವ ಚಿಟ್ಟೆ ಬರುತ್ತದೆ ಎಂಬುದನ್ನು ಕಣ್ಣಾರೆ ನೋಡುವ ಅವಕಾಶವಿದೆ. ದಾಸವಾಳಕ್ಕೆ ಸೂರಕ್ಕಿಗಳು ಬರುತ್ತವೆ. ಮುದ್ದೆ ದಾಸವಾಳದಲ್ಲಿ ಎಸಳು ಕಿಕ್ಕಿರಿದಿರುವುದರಿಂದ ಅವಕ್ಕೆ ಜೇನು ಸಿಗುವುದು ಕಷ್ಟ.

ಹೈಬ್ರಿಡ್ ದಾಸವಾಳ ಯಾರಿಗೆ

ಗಣರಾಜ್ಯೋತ್ಸವದ ಸಮಯದಲ್ಲಿ ಕದ್ರಿ ಪಾರ್ಕಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ ಈ ಗಿಡಗಳನ್ನು ನೋಡಿದವರಿಗೆ ಕೊಳ್ಳದೆ ಬರಲು ಮನಸ್ಸಾಗದು. ಜನವರಿಯ ಒಣ ಹವೆಯಲ್ಲಿ ಅವು ತಮ್ಮ ಅತ್ಯುತ್ತಮ ಸ್ಥಿತಿಯಲ್ಲಿರುತ್ತವೆ, ಕೆಲವು ತಳಿಗಳ ಹೂವು ಎರಡು ಮೂರು ದಿನ ನಿಲ್ಲುತ್ತದೆ. ಆದರೆ ಅವು ನಮ್ಮ ಮಳೆಗಾಲಕ್ಕೆ ಹುಟ್ಟಿದ ಗಿಡಗಳಲ್ಲ. ಬೇರು ಸೂಕ್ಷ್ಮ, ಕುಂಡದಲ್ಲಿ ನೀರು ಬಸಿಯದಿದ್ದರೆ ಕೆಲವೇ ದಿನಗಳಲ್ಲಿ ಕೊಳೆಯುತ್ತದೆ. ಮುಕ್ಕಾಲು ದಿನ ಬಿಸಿಲು ಬೀಳುವ, ಜೂನ್ ತಿಂಗಳಲ್ಲಿ ಮಳೆ ತಾಗದ ಕಡೆಗೆ ಎತ್ತಿಡಬಹುದಾದ ಬಾಲ್ಕನಿ ಅಥವಾ ತಾರಸಿಯ ಶೀಟಿನಡಿ ಇದ್ದವರು ಧೈರ್ಯವಾಗಿ ತರಬಹುದು. ಹನ್ನೆರಡು ಹದಿನಾಲ್ಕು ಇಂಚಿನ ಕುಂಡ, ಮೂರರಲ್ಲೊಂದು ಪಾಲು ಹೊಯಿಗೆ ಬೆರೆಸಿದ ಮಣ್ಣು, ತಳದಲ್ಲಿ ದೊಡ್ಡ ತೂತುಗಳು ಕಡ್ಡಾಯ. ಕಸಿ ಕಟ್ಟಿದ ಗಂಟಿನ ಕೆಳಗಿನಿಂದ ಬೇರೆ ಆಕಾರದ ಎಲೆಯ ಚಿಗುರು ಬಂದರೆ ಅದು ಬುಡದ ಗಿಡದ್ದು. ಚಿವುಟದೆ ಬಿಟ್ಟರೆ ಅದೇ ಬಲಿತು ಮೇಲಿನ ತಳಿ ಸಾಯುತ್ತದೆ. ಮೊಗ್ಗು ಅರಳುವ ಮೊದಲೇ ಉದುರಿದರೆ ನೀರಿನ ಏರುಪೇರು, ಬಿಸಿಲಿನ ಕೊರತೆ ಅಥವಾ ಮೊಗ್ಗಿನೊಳಗಿನ ನುಸಿ, ಈ ಮೂರರಲ್ಲಿ ಒಂದು ಕಾರಣವಿರುತ್ತದೆ.

ಉಳಿದ ಗಿಡಗಳು

ಮನೆಯ ಮುಂದೆ ಬಿಸಿಲೇ ಬೀಳದಿದ್ದರೆ ಕೇಪಳವೂ ದಾಸವಾಳವೂ ಬೇಡ, ನಂದಿಬಟ್ಟಲು ನೆಡಿ. ಅರೆನೆರಳಿನಲ್ಲಿಯೂ ದಿನವೂ ಬಿಳಿ ಹೂವು ಕೊಡುತ್ತದೆ. ಕಣಗಿಲೆಯ ಎಲೆ, ಹೂವು, ಬೀಜ ಎಲ್ಲವೂ ವಿಷ. ಚಿಕ್ಕ ಮಕ್ಕಳು ಮತ್ತು ದನಗಳಿರುವ ಮನೆಗೆ ಅದನ್ನು ಯಾರು ಹೇಳಿದರೂ ತರಬಾರದು.

ಮಲ್ಲಿಗೆಯನ್ನು ಈ ಸಾಲಿಗೆ ಸೇರಿಸದಿರಲು ಬೇರೆ ಕಾರಣವಿದೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದಿರುವ ಉಡುಪಿ ಮಲ್ಲಿಗೆ, ಅಂದರೆ ನಮ್ಮ ಶಂಕರಪುರ ಮಲ್ಲಿಗೆ, ಅಲಂಕಾರದ ಗಿಡವಲ್ಲ, ಒಂದು ಬೆಳೆ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂಬ ಲೆಕ್ಕದಲ್ಲಿ ಮಾರಾಟವಾಗುವ ಈ ಹೂವಿಗಾಗಿ ಬೆಳಕು ಹರಿಯುವ ಹೊತ್ತಿಗೇ ಮೊಗ್ಗು ಕೊಯ್ಯಬೇಕು, ಬಾಳೆನಾರಿನಲ್ಲಿ ಕಟ್ಟಬೇಕು, ಕಾಲಕಾಲಕ್ಕೆ ಗೆಲ್ಲು ಸವರಬೇಕು, ಕಡಲೆಹಿಂಡಿ ನೆನೆಸಿ ಹಾಕಬೇಕು. ದಿನವೂ ಬೆಳಗಿನ ಹೊತ್ತು ಕೊಡಬಲ್ಲವರಿಗೆ ಅದರಷ್ಟು ಪ್ರತಿಫಲ ಕೊಡುವ ಗಿಡ ಬೇರೆಯಿಲ್ಲ. ಕೊಡಲಾಗದವರಿಗೆ ಅದು ಹೊರೆ.

ಗಿಡ ತರುವುದು, ನೆಡುವುದು

ಊರ ದಾಸವಾಳವನ್ನು ದುಡ್ಡು ಕೊಟ್ಟು ತರುವ ಅಗತ್ಯವಿಲ್ಲ. ನೆರೆಮನೆಯ ಗಿಡದಿಂದ ಪೆನ್ಸಿಲ್ ದಪ್ಪದ, ಗೇಣುದ್ದದ ಗೆಲ್ಲನ್ನು ಗಂಟಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲಿನ ಎರಡು ಎಲೆ ಮಾತ್ರ ಉಳಿಸಿ, ಜೂನ್ ತಿಂಗಳಲ್ಲಿ ಹೊಯಿಗೆ ಬೆರೆತ ಮಣ್ಣಿಗೆ ಊರಿದರೆ ತಿಂಗಳೊಳಗೆ ಬೇರು ಬಿಡುತ್ತದೆ, ಅದೇ ವರ್ಷ ಹೂವು ಕಾಣಬಹುದು.

ಕೇಪಳದ ಗೆಲ್ಲು ಬೇರು ಬಿಡಲು ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ, ಕೆಲವು ಒಣಗಿಯೂ ಹೋಗುತ್ತವೆ; ಆದ್ದರಿಂದ ಬೇಕಾದ್ದಕ್ಕಿಂತ ಎರಡು ಪಟ್ಟು ಗೆಲ್ಲು ಊರುವುದು ಕ್ಷೇಮ. ಗುಡ್ಡೆಯಲ್ಲಿರುವ ಗಿಡವನ್ನು ಬುಡಸಮೇತ ಕಿತ್ತು ತರುವ ಕೆಲಸವನ್ನು ದಯವಿಟ್ಟು ಯಾರೂ ಮಾಡಬಾರದು. ಅದರ ಬೇರು ಕಲ್ಲಿನ ಸಂದಿಗೆ ಇಳಿದಿರುವುದರಿಂದ ಪೂರ್ತಿಯಾಗಿ ಬರುವುದಿಲ್ಲ, ಅಂಗಳದಲ್ಲಿ ನೆಟ್ಟರೂ ಬಹುಪಾಲು ಸಾಯುತ್ತದೆ. ಮನೆಸೈಟಿಗಾಗಿ, ಕಲ್ಲಿನ ಕೋರೆಗಾಗಿ ಪದವುಗಳನ್ನು ಸಮತಟ್ಟು ಮಾಡುತ್ತಿರುವ ಈ ದಿನಗಳಲ್ಲಿ ಉಳಿದಿರುವ ಗಿಡಗಳೂ ಹೀಗೆ ಹೋದರೆ ಚಿಟ್ಟೆಗೂ ಹಕ್ಕಿಗೂ ಆಸರೆಯಿರದು. ಬದಲಿಗೆ ಬೇಸಗೆಯಲ್ಲಿ ಕಪ್ಪಾಗಿ ಮಾಗಿದ ಹಣ್ಣುಗಳನ್ನು ತಂದು, ತಿರುಳು ತೊಳೆದು, ಬೀಜವನ್ನು ಒಣಗಿಸದೆ ಕೆಂಪು ಮಣ್ಣು ತುಂಬಿದ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಬಿತ್ತಿದರೆ ವಾರಗಳ ನಂತರ ಮೊಳೆಯುತ್ತದೆ. ಹೂವಿಗೆ ಎರಡು ಮೂರು ವರ್ಷ ಕಾಯಬೇಕು. ಅಷ್ಟು ತಾಳ್ಮೆಯಿಲ್ಲದವರು ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಮೊದಲು ವಿಚಾರಿಸಿ ನೋಡಬಹುದು. ಖಾಸಗಿ ನರ್ಸರಿಯಲ್ಲಾದರೆ ಗಿಡ್ಡ ಕೇಪಳ ಬೇಡ, ಹಣ್ಣು ಬಿಡುವ ಊರ ಕೇಪಳವೇ ಬೇಕೆಂದು ಬಿಡಿಸಿ ಹೇಳಬೇಕು.

ಕೇಪಳವಾಗಲಿ ದಾಸವಾಳವಾಗಲಿ, ಒಂದೂವರೆ ಅಡಿ ಆಳ, ಅಷ್ಟೇ ಅಗಲದ ಹೊಂಡ ತೋಡಿ, ಮೇಲ್ಮಣ್ಣಿಗೆ ಹಟ್ಟಿಗೊಬ್ಬರ ಬೆರೆಸಿ ತುಂಬಬೇಕು. ಗಿಡದ ಬುಡ ಸುತ್ತಲಿನ ನೆಲಕ್ಕಿಂತ ನಾಲ್ಕು ಬೆರಳು ಎತ್ತರದಲ್ಲಿರಬೇಕು, ಮಳೆಯ ನೀರು ಹರಿದುಹೋಗಲು ಒಂದು ಬದಿಯಲ್ಲಿ ಸಣ್ಣ ಕಣಿ ಬಿಡಬೇಕು. ದಾಸವಾಳಗಳ ನಡುವೆ ಐದಾರು ಅಡಿ, ಗುಡ್ಡೆ ಕೇಪಳಗಳ ನಡುವೆ ನಾಲ್ಕೈದು ಅಡಿ, ಗಿಡ್ಡ ಕೇಪಳದ ಬೇಲಿಯಾದರೆ ಒಂದೂವರೆ ಅಡಿ ಅಂತರ ಸಾಕು. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಬುಡಕ್ಕೆ ದಪ್ಪನಾಗಿ ತರಗೆಲೆ ಹೊದಿಸಿ, ಮೊದಲ ಬೇಸಗೆಯಲ್ಲಿ ಎರಡು ದಿನಕ್ಕೊಮ್ಮೆ ನೀರು ಕೊಡಬೇಕು. ಎರಡನೆಯ ಬೇಸಗೆಯಿಂದ ದಾಸವಾಳಕ್ಕೆ ವಾರಕ್ಕೆರಡು ಸಲ ನೀರು ಬೇಕೇಬೇಕು. ಗುಡ್ಡೆ ಕೇಪಳಕ್ಕೆ ವಾರಕ್ಕೊಮ್ಮೆ ಎರೆದರೂ ನಡೆಯುತ್ತದೆ.